ಮತ್ತೆ ಹೋಗಿ ನೋಡುವವನ ಕ್ಯಾಮೆರಾ

(ಹವ್ಯಾಸಿ ಛಾಯಾಗ್ರಾಹಕರ ಕೂಟವೊಂದರಲ್ಲಿ, ಕಟ್ಟಡ ಮತ್ತು ನೆಲದ ದೃಶ್ಯಗಳ ಛಾಯಾಗ್ರಹಣ ಕುರಿತು ಮಾಡಿದ ಭಾಷಣದ ಬರಹ ರೂಪ)



'ಹವ್ಯಾಸಿ' ಎಂಬ ಮಾತನ್ನು ನಾವು ತುಸು ಹಗುರವಾಗಿಯೇ ಬಳಸುತ್ತೇವೆ. ಕಸಬು ಪೂರ್ತಿ ಕಲಿಯದವ, ಬಿಡುವಿದ್ದಾಗ ಕ್ಯಾಮೆರಾ ಹೆಗಲಿಗೇರಿಸುವವ ಎಂಬ ಧ್ವನಿ ಅದರಲ್ಲಿದೆ. ಆದರೆ ವೃತ್ತಿಯವರಿಗೆ ಇಲ್ಲದ ಒಂದು ಅನುಕೂಲ ಹವ್ಯಾಸಿಗೆ ಇದೆ. ಮದುವೆಯ ಚಿತ್ರ ತೆಗೆಯುವವನಿಗಾಗಿ ಮುಹೂರ್ತ ಕಾಯುವುದಿಲ್ಲ. ಪತ್ರಿಕೆಯ ಛಾಯಾಗ್ರಾಹಕ ಸಂಜೆಯೊಳಗೆ ಚಿತ್ರ ಕೊಡಲೇಬೇಕು. ಹವ್ಯಾಸಿಯ ಚಿತ್ರಕ್ಕಾಗಿ ಯಾರೂ ದಾರಿ ನೋಡುತ್ತಿರುವುದಿಲ್ಲ. ಇಂದು ಬೆಳಕು ಕೂಡಿಬರಲಿಲ್ಲವೆಂದರೆ ನಾಳೆ ಹೋಗಬಹುದು. ಮಳೆಗಾಲದಲ್ಲಿ ನೋಡಿದ್ದನ್ನು ಚಳಿಗಾಲದಲ್ಲಿ ಇನ್ನೊಮ್ಮೆ ನೋಡಬಹುದು.

ಕಟ್ಟಡ ಮತ್ತು ಹೊಲ ಎರಡೂ ಇದ್ದಲ್ಲೇ ಇರುವ ವಸ್ತುಗಳು. ಅವುಗಳ ಮೇಲೆ ಬೀಳುವ ಬೆಳಕು, ಅವುಗಳ ಸುತ್ತಲಿನ ಬದುಕು ಮಾತ್ರ ಬದಲಾಗುತ್ತಿರುತ್ತವೆ. ಆದ್ದರಿಂದ ಈ ಬಗೆಯ ಛಾಯಾಗ್ರಹಣದಲ್ಲಿ ಸೃಜನಶೀಲತೆ ಎಂಬುದು ಬಹುಮಟ್ಟಿಗೆ ಮರಳಿ ಹೋಗುವ ಅಭ್ಯಾಸದಿಂದಲೇ ಹುಟ್ಟುತ್ತದೆ ಎಂದು ನಾನು ನಂಬಿದ್ದೇನೆ. ಈ ಮಾತನ್ನು ನಮ್ಮ ಕಲಬುರಗಿ ಮತ್ತು ಕಮಲಾಪುರಗಳನ್ನೇ ಮುಂದಿಟ್ಟುಕೊಂಡು ವಿವರಿಸಲು ಪ್ರಯತ್ನಿಸುತ್ತೇನೆ. ಅದಕ್ಕೆ ಮೊದಲು ನಮ್ಮ ಹಿರಿಯರಿಬ್ಬರನ್ನು ನೆನೆಯಬೇಕು.

ಇಬ್ಬರು ಹಿರಿಯರು

ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಹದಿನೈದು ವರ್ಷ ಕಳೆಯುವಷ್ಟರಲ್ಲಿ, 1854ರಲ್ಲಿ, ಮುಂಬಯಿಯಲ್ಲಿ ಛಾಯಾಗ್ರಹಣ ಸಂಘ ಸ್ಥಾಪನೆಯಾಯಿತು. 1856ರಲ್ಲಿ ಮದರಾಸು ಮತ್ತು ಕಲ್ಕತ್ತಗಳಲ್ಲೂ ಸಂಘಗಳು ಹುಟ್ಟಿದವು. ಆ ಕಾಲದಲ್ಲಿ ನಮ್ಮ ನಾಡಿನಲ್ಲಿ ಕ್ಯಾಮೆರಾ ಹಿಡಿದು ತಿರುಗಿದವರಲ್ಲಿ ಸೈನ್ಯದ ಅಧಿಕಾರಿಗಳು, ವೈದ್ಯರು, ಎಂಜಿನಿಯರುಗಳು ಹಲವರು. ಹೊಟ್ಟೆಪಾಡಿಗೆ ಅವರಿಗೆ ಬೇರೆ ನೌಕರಿ ಇತ್ತು. 

ಅಲೆಕ್ಸಾಂಡರ್ ಗ್ರೀನ್‌ಲಾ ಅವರಲ್ಲೊಬ್ಬ. ಮದರಾಸು ಸೈನ್ಯದ ಅಧಿಕಾರಿ. ಈತ 1856ರಲ್ಲಿ ಹಂಪಿಯ ಗುಡಿ, ಮಂಟಪ, ಬಂಡೆಗಳ ಚಿತ್ರ ತೆಗೆದ. ಆಗ ಫಿಲ್ಮು ಇರಲಿಲ್ಲ. ಮೇಣ ಹಚ್ಚಿದ ಕಾಗದವೇ ನೆಗೆಟಿವ್, ಅದರ ಅಳತೆ ಅರ್ಧ ಮೀಟರಿಗೆ ಸಮೀಪ. ಚಿತ್ರ ಎಷ್ಟು ದೊಡ್ಡದೋ ಕ್ಯಾಮೆರಾವೂ ಅಷ್ಟು ದೊಡ್ಡದಿರಬೇಕು. ಒಂದೊಂದು ಚಿತ್ರಕ್ಕೂ ಮಸೂರವನ್ನು ನಿಮಿಷಗಟ್ಟಲೆ ತೆರೆದಿಡಬೇಕು. ಬಿಸಿಲಿನ ನಾಡಿನಲ್ಲಿ ಕಾಗದ, ರಾಸಾಯನಿಕ, ನೀರು ಎಲ್ಲವನ್ನೂ ಹೊತ್ತು ಈ ಕೆಲಸ ಮಾಡುವುದೆಂದರೆ ಸಾಮಾನ್ಯ ಹಟವಲ್ಲ.

ಆ ನೆಗೆಟಿವ್‌ಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಕಣ್ಮರೆಯಾಗಿದ್ದು, 1980ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದವು. ಅದೇ ದಶಕದಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ನಡುವಣ ಕಾಲ ಕಣ್ಣಿಗೆ ಕಾಣತೊಡಗಿತು. ವಿಠ್ಠಲ ದೇವಾಲಯದ ಕಲ್ಲಿನ ರಥ ನಮಗೆಲ್ಲ ಗೊತ್ತಿರುವುದೇ. ಅದರ ಮೇಲೆ ಇಟ್ಟಿಗೆಯ ಶಿಖರವೊಂದು ಇತ್ತು ಎಂಬುದನ್ನು ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಕಣ್ಣಾರೆ ನೋಡಬಹುದು. ಆಮೇಲೆ ಅದು ಹೋಯಿತು. ಇಂದಿನ ರಥವನ್ನೇ ಮೂಲ ರೂಪವೆಂದು ತಿಳಿದಿರುವವರಿಗೆ ಆ ಕಾಗದದ ನೆಗೆಟಿವ್ ಉತ್ತರ ಹೇಳುತ್ತದೆ.

ಇನ್ನೊಬ್ಬ ಹಿರಿಯ ರಾಜಾ ದೀನ್ ದಯಾಳ್. ರೂರ್ಕಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತು ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿಗಿದ್ದಾಗ, 1870ರ ದಶಕದಲ್ಲಿ, ಅವರು ಕ್ಯಾಮೆರಾವನ್ನು ಹವ್ಯಾಸವಾಗಿ ಹಿಡಿದರು. ಮುಂದೆ ಅದೇ ಅವರ ವೃತ್ತಿಯಾಗಿ, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾದರು. ನಮ್ಮ ಕಲಬುರಗಿಯೂ 1948ರವರೆಗೆ ಆ ನಿಜಾಮರ ರಾಜ್ಯದಲ್ಲೇ ಇದ್ದ ಊರು. ದೀನ್ ದಯಾಳರು ತೆಗೆದ ಕಟ್ಟಡಗಳ ಚಿತ್ರಗಳನ್ನು ನೋಡಿದರೆ, ನಕ್ಷೆ ಓದಬಲ್ಲ ಕಣ್ಣು ಅದರ ಹಿಂದಿರುವುದು ತಿಳಿಯುತ್ತದೆ. ಗೋಡೆ ಭಾರವನ್ನು ಎಲ್ಲಿ ಹೊತ್ತಿದೆ, ಕಮಾನು ಎಲ್ಲಿಂದ ಏಳುತ್ತದೆ ಎಂಬುದು ಗೊತ್ತಿದ್ದವನಿಗೆ ಎಲ್ಲಿ ನಿಲ್ಲಬೇಕೆಂಬುದೂ ಗೊತ್ತಾಗುತ್ತದೆ.

ಅಂಗಳವಿಲ್ಲದ ಮಸೀದಿಯ ಬೆಳಕು

ಈಗ ನಮ್ಮ ಊರಿನ ಕೋಟೆಗೆ ಬರೋಣ. 1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಷಾ ಸ್ಥಾಪಿಸಿದ ರಾಜ್ಯಕ್ಕೆ ಕಲಬುರಗಿ ರಾಜಧಾನಿಯಾಯಿತು. ಕೋಟೆಯೊಳಗಿನ ಜಾಮಿ ಮಸೀದಿಯ ಶಾಸನದಲ್ಲಿರುವ ಕಾಲ 1367. ಕಟ್ಟಿದವನು ಕಜ್ವೀನ್ ಮೂಲದ ರಫಿ. ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಈ ಕಟ್ಟಡದ ವಿಶೇಷವೆಂದರೆ ಇದಕ್ಕೆ ತೆರೆದ ಅಂಗಳವಿಲ್ಲ. ನಮ್ಮ ದೇಶದ ದೊಡ್ಡ ಜಾಮಿ ಮಸೀದಿಗಳಲ್ಲಿ ಸಾಮಾನ್ಯವಾಗಿ ನಡುವೆ ಬಯಲು ಅಂಗಳ ಇರುತ್ತದೆ, ಬೆಳಕು ಮೇಲಿನಿಂದ ಇಳಿಯುತ್ತದೆ. ಇಲ್ಲಿ ಇಡೀ ಜಾಗಕ್ಕೆ ಚಾವಣಿ ಇದೆ. ಪಶ್ಚಿಮಕ್ಕೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು, ನಡುವೆ ಸಾಲುಸಾಲಾಗಿ ಚಿಕ್ಕ ಗುಮ್ಮಟಗಳು. ಪಶ್ಚಿಮವೊಂದನ್ನು ಬಿಟ್ಟು ಉಳಿದ ಮೂರು ಕಡೆಯ ಕಮಾನುಗಳಿಂದ ಬೆಳಕು ಅಡ್ಡಲಾಗಿ ಒಳಗೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ವಾಸ್ತುವಿನ ಚರಿತ್ರೆ ಬರೆದ ಜೇಮ್ಸ್ ಫರ್ಗುಸನ್ ಈ ಏರ್ಪಾಡನ್ನು ವಿಶೇಷವಾಗಿ ಗಮನಿಸಿದ್ದ. ಇದು ಮೊದಲಿಗೆ ಅರಸರ ಸಭಾಂಗಣವಾಗಿದ್ದಿರಬಹುದೇ ಎಂಬ ಚರ್ಚೆಯನ್ನೂ ಕೆಲವು ವಿದ್ವಾಂಸರು ಎತ್ತಿದ್ದಾರೆ.

ಛಾಯಾಗ್ರಾಹಕನಿಗೆ ಇದರಿಂದ ಏನು ಪ್ರಯೋಜನ ಎಂದು ಕೇಳಬಹುದು. ಬೆಳಕು ಅಡ್ಡಲಾಗಿ ಬರುವ ಕಟ್ಟಡದಲ್ಲಿ ಹೊತ್ತು ಮತ್ತು ತಿಂಗಳು ಎರಡನ್ನೂ ಲೆಕ್ಕ ಹಾಕಬೇಕಾಗುತ್ತದೆ. ನಮ್ಮ ಊರು ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ಸೂರ್ಯ ನೇರ ಪೂರ್ವಕ್ಕಿಂತ ಸುಮಾರು 25 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಜೂನಿನಲ್ಲಿ ಅಷ್ಟೇ ಉತ್ತರಕ್ಕೆ ಸರಿದಿರುತ್ತಾನೆ. ಹೀಗಾಗಿ ಚಳಿಗಾಲದ ಮುಂಜಾನೆ ಪೂರ್ವದ ಕಮಾನುಗಳಿಂದ ಬರುವ ಬಿಸಿಲು ಓರೆಯಾಗಿ ವಾಯವ್ಯಕ್ಕೆ ಹರಿಯುತ್ತದೆ, ಮಳೆಗಾಲದ ಮೊದಲ ದಿನಗಳಲ್ಲಿ ನೈರುತ್ಯಕ್ಕೆ. ಒಂದೇ ಕಂಬದ ನೆರಳು ಎರಡು ಋತುಗಳಲ್ಲಿ ಎರಡು ದಿಕ್ಕಿಗೆ ಬೀಳುತ್ತದೆ. ನೆಲಕ್ಕೆ ಬಿದ್ದ ಬಿಸಿಲು ಮೇಲಕ್ಕೆ ಚಿಮ್ಮಿ ಬಿಳಿಯ ಕಮಾನುಗಳ ಒಳಮೈಯನ್ನು ಕೆಳಗಿನಿಂದ ಬೆಳಗುತ್ತದೆ. ಈ ಪ್ರತಿಫಲಿತ ಬೆಳಕೇ ಮಸೀದಿಯ ನಿಜವಾದ ದೀಪ. ಫ್ಲ್ಯಾಷ್ ಹಾಕಿದರೆ ಅದು ಸತ್ತುಹೋಗುತ್ತದೆ.

ಎಕ್ಸ್‌ಪೋಷರಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೊರಗಿನ ಬಯಲು ಉರಿಯುತ್ತಿರುತ್ತದೆ, ಒಳಗೆ ಕತ್ತಲೆ. ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಹೊರಟರೆ ಎರಡೂ ಸೊರಗುತ್ತವೆ. ಮೊಬೈಲಿನ ಕ್ಯಾಮೆರಾ ತಾನಾಗಿಯೇ ಹಲವು ಎಕ್ಸ್‌ಪೋಷರುಗಳನ್ನು ಬೆರೆಸಿ ಎಲ್ಲವನ್ನೂ ಸಮಮಾಡಿಬಿಡುತ್ತದೆ. ಆಗ ಕಟ್ಟಿದವನು ಯೋಚಿಸಿ ಇಟ್ಟ ಕತ್ತಲೆಯೇ ಮಾಯವಾಗುತ್ತದೆ. ಹೊರಗಿನ ಬೆಳಕು ಸ್ವಲ್ಪ ಬಿಳಿಚಿಕೊಂಡರೂ ಸರಿಯೆ, ಒಳಗಿನ ನೆರಳಿನ ಮೆಟ್ಟಿಲುಗಳನ್ನು ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ. ಇದಕ್ಕೆ ಬೆಳಿಗ್ಗೆಯ ಮೊದಲ ಗಂಟೆ ಒಳ್ಳೆಯದು. ಆಗ ಒಳಗೂ ಹೊರಗೂ ಅಂತರ ಕಡಿಮೆ.

ಇನ್ನೊಂದು ಸಂಗತಿ ಕಣ್ಣಿನ ಎತ್ತರ. ಹೊರ ಸುತ್ತಿನ ಕಮಾನುಗಳು ಬಹಳ ಅಗಲ, ಆದರೆ ಅವು ಏಳುವುದು ನೆಲಕ್ಕೆ ತೀರ ಸಮೀಪದಿಂದ. ನಿಂತು ತೆಗೆದ ಚಿತ್ರದಲ್ಲಿ ಅವು ಕುಗ್ಗಿದಂತೆ ಕಾಣುತ್ತವೆ. ಪ್ರಾರ್ಥನೆಗೆ ಕುಳಿತವರ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ಇಳಿಸಿ ನೋಡಿ. ಅದೇ ಕಮಾನು ತಲೆಯ ಮೇಲೆ ದೊಡ್ಡದಾಗಿ ಬಾಗಿ ನಿಲ್ಲುತ್ತದೆ. ಕಟ್ಟಡ ಯಾರ ಬಳಕೆಗಾಗಿ ಇದೆಯೋ ಅವರ ಜಾಗದಲ್ಲಿ ಕೂತು ನೋಡುವುದು, ನನ್ನ ಮಟ್ಟಿಗೆ, ಸೃಜನಶೀಲತೆಯ ಮೊದಲ ಪಾಠ. ಮುಕ್ಕಾಲಿ ಸ್ಟ್ಯಾಂಡು ಬೇಕೆಂದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಪಡೆಯಬೇಕು. ಇಲ್ಲದಿದ್ದರೂ ಕಂಬಕ್ಕೆ ಒರಗಿ, ಉಸಿರು ಹಿಡಿದು, ನಿಧಾನ ಶಟರಿನಲ್ಲಿ ತೆಗೆಯಬಹುದು.

ಒಳಕ್ಕೆ ಬಾಗಿದ ಗೋಡೆ

ಊರಿನ ಪೂರ್ವಕ್ಕಿರುವ ಹಫ್ತ್ ಗುಂಬಜ್ ಬೇರೊಂದು ಸಮಸ್ಯೆ ಒಡ್ಡುತ್ತದೆ. ದೊಡ್ಡ ಕಟ್ಟಡದ ಹತ್ತಿರ ನಿಂತು ಕ್ಯಾಮೆರಾ ಮೇಲೆತ್ತಿದರೆ ಗೋಡೆಗಳು ಹಿಂದಕ್ಕೆ ಬೀಳುವಂತೆ ಕಾಣುವುದು ನಿಮಗೆಲ್ಲ ಗೊತ್ತು. ಅದನ್ನು ಕಂಪ್ಯೂಟರಿನಲ್ಲಿ ನೇರ ಮಾಡುವುದು ಈಗ ಸುಲಭ. ಆದರೆ ಬಹಮನಿ ಅರಸರ ಹಳೆಯ ಗೋರಿಗಳ ಗೋಡೆಗಳು ಕಟ್ಟುವಾಗಲೇ ಒಳಕ್ಕೆ ವಾಲಿದವು. ಇದು ದೆಹಲಿಯ ತುಘಲಕರ ಕಾಲದಿಂದ ಬಂದ ಪದ್ಧತಿ. ಎಲ್ಲ ಗೆರೆಗಳನ್ನೂ ನೆಟ್ಟಗೆ ಮಾಡಿದರೆ ಕಟ್ಟಡದ ವಾಲುವಿಕೆಯನ್ನೂ ಅಳಿಸಿದಂತಾಗುತ್ತದೆ. ಆದ್ದರಿಂದ ಗೋಡೆಯ ಅಂಚನ್ನು ನಂಬದೆ, ಕಟ್ಟಡದ ನಟ್ಟನಡುವಿನ ಗೆರೆಯನ್ನು ನಂಬಬೇಕು. ಬಾಗಿಲಿನ ನಡುವಿನಿಂದ ಗುಮ್ಮಟದ ತುದಿಗೆ ಎಳೆದ ಗೆರೆ ನೆಟ್ಟಗಿದ್ದು, ಎರಡೂ ಅಂಚುಗಳು ಸಮನಾಗಿ ಒಳಬಾಗಿದ್ದರೆ ಚಿತ್ರ ಸರಿಯಾಗಿದೆ ಎಂದರ್ಥ. ಇದಕ್ಕೆ ಉತ್ತಮ ಉಪಾಯ ದೂರ ಹೋಗುವುದು. ವೈಡ್ ಆ್ಯಂಗಲ್ ಮಸೂರವನ್ನು ಚೀಲದಲ್ಲಿಟ್ಟು ನಾಲ್ಕು ಹೆಜ್ಜೆ ಹಿಂದೆ ನಡೆಯಿರಿ.

ಇದೇ ಸಮೂಹದಲ್ಲಿ 1422ರಲ್ಲಿ ತೀರಿಕೊಂಡ ಫಿರೋಜ್ ಷಾನ ಗೋರಿ ಇದೆ. ಎರಡು ಗುಮ್ಮಟ, ಎರಡು ಕೋಣೆ, ಹೊರಗೋಡೆಗೆ ಎರಡು ಅಂತಸ್ತಿನಲ್ಲಿ ಕಮಾನಿನ ಗೂಡುಗಳು. ಗಾರೆಯ ಕುಸುರಿ ಕೆಲಸಕ್ಕೆ ಇದು ಹೆಸರಾದದ್ದು. ಗಾರೆಯ ಕೆಲಸದ ಉಬ್ಬು ಬಹಳ ಸಣ್ಣದು. ನೇರ ಬಿಸಿಲಿನಲ್ಲಿ ಅದು ಬೋಳು ಗೋಡೆಯಂತೆ ತೋರುತ್ತದೆ. ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವ ಹೊತ್ತಿನಲ್ಲಿ ಮಾತ್ರ ಎಲೆ, ಬಳ್ಳಿ, ಗೆರೆಗಳು ಎದ್ದು ಬರುತ್ತವೆ. ಒಂದೊಂದು ಗೋಡೆಗೂ ಅಂಥ ಹೊತ್ತು ಬೇರೆ. ದಕ್ಷಿಣದ ಗೋಡೆಗೆ ಚಳಿಗಾಲದ ಬೆಳಗು ಅಥವಾ ಸಂಜೆ. ಉತ್ತರದ ಗೋಡೆಗೆ? ವರ್ಷದ ಬಹುಭಾಗ ಅದು ನೆರಳಿನಲ್ಲೇ ಇರುತ್ತದೆ. ಆದರೆ ಕಲಬುರಗಿಯಲ್ಲಿ ಮೇ 10ರ ಸುಮಾರಿಗೆ ಒಮ್ಮೆ, ಆಗಸ್ಟ್ 2ರ ಸುಮಾರಿಗೆ ಇನ್ನೊಮ್ಮೆ ಸೂರ್ಯ ನಡುಹಗಲು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ನಡುವಿನ ದಿನಗಳಲ್ಲಿ ಅವನು ನಡುಹಗಲಿಗೂ ಉತ್ತರಕ್ಕೇ ಇರುತ್ತಾನೆ. ಉತ್ತರದ ಗೋಡೆ ಆಗ ಬಿಸಿಲು ಕಾಣುತ್ತದೆ. ಮೇ ತಿಂಗಳ ಮಧ್ಯಾಹ್ನ ಚಿತ್ರಕ್ಕೆ ಹೊತ್ತಲ್ಲ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ನೆತ್ತಿಯ ಬಿಸಿಲಿಗೆ ಉತ್ತರದ ಗೋಡೆಯ ಗಾರೆ ಹೇಗೆ ಕಾಣುತ್ತದೆಂದು ಸ್ಥಳೀಯ ಹವ್ಯಾಸಿ ಮಾತ್ರ ಹೋಗಿ ನೋಡಬಲ್ಲ. ದೂರದ ಪ್ರವಾಸಿ ಆ ಸೆಕೆಗೆ ಬರುವುದಿಲ್ಲ.

ಎರಿ, ಮಸಾರಿ ಮತ್ತು ಮುಗಿಲು

ಇನ್ನು ಊರು ಬಿಟ್ಟು ಹುಮನಾಬಾದಿನ ದಾರಿ ಹಿಡಿಯೋಣ. ಸುಮಾರು 35 ಕಿ.ಮೀ. ಹೋದರೆ ಕಮಲಾಪುರ. 2018ರಲ್ಲಿ ತಾಲ್ಲೂಕು ಕೇಂದ್ರವಾದ ಈ ಊರಿಗೆ ಹೆಸರು ತಂದದ್ದು ಕೆಂಬಾಳೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣು ಅದು. ನಮ್ಮ ಭಾಗದಲ್ಲಿ ಸುಂದರ ನೋಟವೇ ಇಲ್ಲ, ಮಲೆನಾಡಿಗೇ ಹೋಗಬೇಕು ಎಂದು ಹೇಳುವವರನ್ನು ನೀವೂ ಕೇಳಿರಬಹುದು. ಬಯಲುಸೀಮೆಯ ನೆಲ ತನ್ನನ್ನು ತಾನೇ ತೋರಿಸಿಕೊಳ್ಳುವುದಿಲ್ಲ, ನಿಜ. ಬೆಟ್ಟದಂತೆ ಅಡ್ಡ ಬಂದು ನಿಲ್ಲುವುದಿಲ್ಲ. ಅದನ್ನು ಓದಬೇಕು.

ಓದುವುದನ್ನು ರೈತರೇ ಕಲಿಸಿದ್ದಾರೆ. ಅವರ ಬಾಯಲ್ಲಿ ಎರಿ ಬೇರೆ, ಮಸಾರಿ ಬೇರೆ, ಮಡ್ಡಿ ಬೇರೆ. ಕಪ್ಪು ಎರಿಯಲ್ಲಿ ತೊಗರಿ, ಬಿಳಿಜೋಳ. ಕೆಂಪು ನೆಲಕ್ಕೆ ನೀರು ಸಿಕ್ಕರೆ ಬಾಳೆ. ಕಮಲಾಪುರದ ಕಡೆಗೆ ಸಾಗಿದಂತೆ ನೆಲ ಏರುತ್ತ ಇಳಿಯುತ್ತ, ಕಪ್ಪು ಕೆಂಪು ಬೆರೆಯುತ್ತ ಹೋಗುತ್ತದೆ. ಏರಿನ ಮೇಲೆ ನಿಂತು ನೋಡಿದರೆ ಅಜ್ಜಿ ಹೊಲಿದ ಕೌದಿ ಹಾಸಿದಂತೆ. ಒಂದೊಂದು ತುಂಡಿಗೂ ಬದುವಿನ ಅಂಚು. ಆ ಬದುಗಳೇ ಚಿತ್ರದ ಗೆರೆಗಳು, ಕಣ್ಣನ್ನು ದೂರಕ್ಕೆ ಕರೆದೊಯ್ಯುವ ದಾರಿಗಳು. ಬಿತ್ತನೆಯ ಸಾಲುಗಳೂ ಹಾಗೆಯೇ. ಸಾಲಿನ ಉದ್ದಕ್ಕೆ ನಿಂತರೆ ಆಳ ಬರುತ್ತದೆ, ಅಡ್ಡಕ್ಕೆ ನಿಂತರೆ ಪಟ್ಟೆ ಪಟ್ಟೆಯ ನೇಯ್ಗೆ ಬರುತ್ತದೆ.

ಬಣ್ಣ ಬೇಕೆ, ಕಪ್ಪುಬಿಳುಪು ಬೇಕೆ ಎಂಬುದನ್ನೂ ನೆಲವನ್ನೇ ಕೇಳಬೇಕು. ಫೆಬ್ರುವರಿಯ ಎರಿ ಹೊಲದಲ್ಲಿ ಬೆಳ್ಳನೆಯ ಜೋಳದ ತೆನೆ, ಬಿರುಕು ಬಿಟ್ಟ ಕಪ್ಪು ಮಣ್ಣು. ಇಲ್ಲಿ ಕಪ್ಪುಬಿಳುಪು ಚಿತ್ರ ತಾನಾಗಿಯೇ ಸಿದ್ಧವಾಗಿ ನಿಂತಿರುತ್ತದೆ. ಕೆಂಬಾಳೆಯ ತೋಟದಲ್ಲಿ ಅದೇ ಉಪಾಯ ಕೈಕೊಡುತ್ತದೆ. ದಿಂಡಿನ ಕೆಂಪು, ಎಲೆಯ ಹಸಿರು ಎರಡೂ ಕಪ್ಪುಬಿಳುಪಿನಲ್ಲಿ ಹೆಚ್ಚು ಕಡಿಮೆ ಒಂದೇ ಬೂದು ಬಣ್ಣಕ್ಕೆ ಇಳಿದುಬಿಡುತ್ತವೆ. ಅಲ್ಲಿ ಬಣ್ಣವೇ ಬೇಕು. ಎಲೆಯ ಹಿಂದೆ ಸೂರ್ಯನಿರುವಂತೆ ನಿಂತರೆ ಅದರ ನರಗಳು ತೋರುತ್ತವೆ, ತೋಟದ ಒಳಗೆಲ್ಲ ಹಸಿರು ಬೆಳಕು ತುಂಬುತ್ತದೆ. ಬೇರೆ ಬಾಳೆ ಒಂದು ವರ್ಷಕ್ಕೆ ಗೊನೆ ಕೊಟ್ಟರೆ ಕೆಂಬಾಳೆ ಒಂದೂವರೆ ವರ್ಷದವರೆಗೂ ತೆಗೆದುಕೊಳ್ಳುತ್ತದೆ. ರೈತ ಕಾಯುವಷ್ಟು ದಿನ ನಾವೂ ಕಾದರೆ ನಾಟಿಯಿಂದ ಗೊನೆಯವರೆಗೆ ಒಂದು ಪೂರ್ಣ ಚಿತ್ರಮಾಲೆಯಾಗುತ್ತದೆ.

ಮುಗಿಲಿನ ವಿಷಯ. ಬಯಲಿನ ಚಿತ್ರದಲ್ಲಿ ಮುಗಿಲು ಅರ್ಧ ಪಾಲು ಕೇಳುತ್ತದೆ. ಮಾರ್ಚಿನಿಂದ ಮೇವರೆಗೆ ಅದು ಧೂಳಿನಿಂದ ಬಿಳಿಚಿರುತ್ತದೆ. ಆಗ ದಿಗಂತವನ್ನು ಮೇಲಕ್ಕೇರಿಸಿ ನೆಲಕ್ಕೇ ಹೆಚ್ಚು ಜಾಗ ಕೊಡಿ. ಜೂನಿನಲ್ಲಿ ಮೋಡ ಕವಿದಾಗ ದಿಗಂತವನ್ನು ಕೆಳಗಿಳಿಸಿ, ಮುಗಿಲಿಗೆ ಜಾಗ ಬಿಡಿ. ಬೆಳಕೋಟಾದ ಗಂಡೋರಿ ನಾಲಾ ಜಲಾಶಯದಂಥ ಕಡೆ ನೀರಿನಲ್ಲೂ ಮುಗಿಲು ಸಿಗುತ್ತದೆ.

ಇದೇ ಸೀಮೆಯ ಹೊಳಕುಂದಾದಲ್ಲಿ ಬಹಮನಿ ಕಾಲದ ಗೋರಿ ಗುಮ್ಮಟಗಳ ಸಮೂಹವಿದೆ. ಕಟ್ಟಡದ ಚಿತ್ರ, ನೆಲದ ಚಿತ್ರ ಎಂಬ ನಮ್ಮ ವಿಂಗಡಣೆ ಅಲ್ಲಿ ಸಡಿಲವಾಗುತ್ತದೆ. ಗುಮ್ಮಟವನ್ನು ಚೌಕಟ್ಟಿನ ತುಂಬ ತುಂಬಿದರೆ ಅದು ಎಲ್ಲಿಯದೋ ಒಂದು ಗುಮ್ಮಟ. ಸುತ್ತಲಿನ ಹೊಲ, ದಾರಿ, ಊರುಗಳನ್ನೂ ಸೇರಿಸಿದರೆ ಅದು ಹೊಳಕುಂದಾದ ಗುಮ್ಮಟವಾಗುತ್ತದೆ. ಹಳ್ಳಿಗಳ ಅಗಸಿ, ವಾಡೆ, ಹುಡೇವುಗಳನ್ನೂ ಮಾಳಿಗೆ ಮನೆಗಳನ್ನೂ ಹೀಗೆಯೇ ನೋಡಬೇಕು. ಇವಕ್ಕೆ ಇತಿಹಾಸದ ಪುಸ್ತಕಗಳಲ್ಲಿ ಜಾಗ ಕಡಿಮೆ. ಒಂದು ಮಳೆಗಾಲಕ್ಕೆ ಕುಸಿದರೆ ಕೇಳುವವರಿಲ್ಲ. ಹವ್ಯಾಸಿಯ ಕ್ಯಾಮೆರಾ ಮೊದಲು ಹೋಗಬೇಕಾದ್ದು ಅಲ್ಲಿಗೆ.

ತಂತಿ, ಒಣಹಾಕಿದ ಬಟ್ಟೆ, ಜನ

ಈಗ ಸ್ವಲ್ಪ ಕಷ್ಟದ ವಿಷಯಕ್ಕೆ ಬರುತ್ತೇನೆ. ಚಿತ್ರದ ಅಂದಗೆಡಿಸುವ ವಿದ್ಯುತ್ ತಂತಿ, ಕಂಬ, ಫಲಕ, ಒಣಹಾಕಿದ ಬಟ್ಟೆಗಳನ್ನು ಏನು ಮಾಡಬೇಕು? ಈಗ ಮೊಬೈಲಿನ ಮೇಲೆ ಬೆರಳಾಡಿಸಿದರೆ ಸಾಕು, ಇದ್ದದ್ದು ಇಲ್ಲವಾಗುತ್ತದೆ. ಸ್ಪರ್ಧೆಗೆ ಕಳಿಸುವ ಚಿತ್ರದಲ್ಲಿ ಇದು ಬಹುಮಾನವನ್ನೂ ತರಬಹುದು.

ಆದರೆ ಗ್ರೀನ್‌ಲಾನನ್ನು ನೆನೆಸಿಕೊಳ್ಳಿ. ಅಷ್ಟು ಚೆಂದದ ಕಲ್ಲಿನ ಕೆತ್ತನೆಯ ಮೇಲೆ ಇಟ್ಟಿಗೆಯ ಶಿಖರ ಹೊಂದುವುದಿಲ್ಲವೆಂದು ಅವನು ಅದನ್ನು ಚೌಕಟ್ಟಿನಿಂದ ಹೊರಗಿಟ್ಟಿದ್ದರೆ? ಆ ಶಿಖರದ ಸಾಕ್ಷಿಯೇ ನಮಗೆ ಸಿಗುತ್ತಿರಲಿಲ್ಲ. ಇಂದು ನಮಗೆ ಅಡ್ಡವೆನಿಸುವ ವಸ್ತು ನಾಳೆ ಯಾರಿಗೆ ಸಾಕ್ಷಿಯಾಗುತ್ತದೋ ಹೇಳಲಾಗದು.

ಜನರ ವಿಷಯ ಇನ್ನೂ ಸೂಕ್ಷ್ಮ. ಹತ್ತೊಂಬತ್ತನೆಯ ಶತಮಾನದ ಎಷ್ಟೋ ಸರ್ವೇಕ್ಷಣಾ ಚಿತ್ರಗಳಲ್ಲಿ ಜನರನ್ನು ಅಳತೆಗೋಲಿನಂತೆ ನಿಲ್ಲಿಸಿರುತ್ತಾರೆ. ಕಂಬ ಎಷ್ಟೆತ್ತರ ಎಂದು ತೋರಿಸಲು ಒಬ್ಬ ಮನುಷ್ಯ. ಅವನ ಹೆಸರಿಲ್ಲ, ಊರಿಲ್ಲ. ನಾವು ಇನ್ನೊಂದು ತುದಿಗೆ ಹೋಗಿ ಜನರೇ ಇಲ್ಲದ ಖಾಲಿ ಸ್ಮಾರಕಕ್ಕಾಗಿ ಕಾಯುತ್ತೇವೆ. ಕಲಬುರಗಿ ಕೋಟೆಯ ಸುತ್ತ ಮುತ್ತ ಮಾತ್ರವಲ್ಲ, ಒಳಗೂ ತಲೆಮಾರುಗಳಿಂದ ಜನ ಬದುಕು ಕಟ್ಟಿಕೊಂಡವರು. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದೆಂದೂ, ಅದರಾಚೆ ಇನ್ನೂ 200 ಮೀಟರಿನವರೆಗೆ ಅನುಮತಿ ಬೇಕೆಂದೂ 2010ರ ತಿದ್ದುಪಡಿ ಕಾನೂನು ಹೇಳುತ್ತದೆ. ಸ್ಮಾರಕ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ತೆಗೆದ ಚಿತ್ರ ಯಾರದೋ ಮನೆಯನ್ನು ಬರಿಯ ಕೊಳಕೆಂದು ತೋರಿಸಿದರೆ ಅದೂ ಒಂದು ಸುಳ್ಳೇ. ಮನೆಯವರನ್ನು ಕೇಳಿ, ಎರಡು ಮಾತಾಡಿ, ಅವರ ಒಪ್ಪಿಗೆಯಿಂದ ತೆಗೆದ ಚಿತ್ರದಲ್ಲಿ ಗೋಡೆಯೂ ಇರುತ್ತದೆ, ಬದುಕೂ ಇರುತ್ತದೆ. ಪ್ರಾರ್ಥನೆಯ ಸ್ಥಳಗಳಲ್ಲಂತೂ ಮೊದಲು ಕೇಳುವುದು, ಬೇಡವೆಂದರೆ ಕ್ಯಾಮೆರಾ ಕೆಳಗಿಡುವುದು ನಮ್ಮ ನಡವಳಿಕೆಯಾಗಬೇಕು.

ನನ್ನ ಸಲಹೆ ಸರಳವಾದದ್ದು. ಒಂದೇ ಜಾಗದಲ್ಲಿ ಎರಡು ಚಿತ್ರ ತೆಗೆಯಿರಿ. ಒಂದು ನಿಮ್ಮ ಮನಸ್ಸಿಗೆ ಒಪ್ಪುವಂಥದು. ಅದರಲ್ಲಿ ನಿಮ್ಮ ಕೋನ, ನಿಮ್ಮ ನೆರಳು, ನಿಮ್ಮ ಬಣ್ಣ ಇರಲಿ. ಇನ್ನೊಂದು ಊರಿಗಾಗಿ. ಅದರಲ್ಲಿ ತಂತಿ, ಕಂಬ, ಬಟ್ಟೆ, ಬಿರುಕು, ಸಿಮೆಂಟಿನ ತೇಪೆ ಎಲ್ಲವೂ ಇದ್ದ ಹಾಗೇ ಇರಲಿ.

ಒಂದು ಸಾಲಿನ ಟಿಪ್ಪಣಿ

ಎರಡಕ್ಕೂ ಒಂದು ಟಿಪ್ಪಣಿ ಬೇಕು. ಊರು, ಕಟ್ಟಡ, ಯಾವ ದಿಕ್ಕಿಗೆ ಮುಖ ಮಾಡಿ ತೆಗೆದದ್ದು, ದಿನಾಂಕ, ಹೊತ್ತು. ಡಿಜಿಟಲ್ ಚಿತ್ರದೊಳಗೆ ಇದರಲ್ಲಿ ಕೆಲವು ತಾನಾಗಿಯೇ ದಾಖಲಾಗುತ್ತವೆ ಎಂಬ ಧೈರ್ಯ ಬೇಡ. ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ, ಆ ದಾಖಲೆಯೂ ಅಳಿಸಿಹೋಗುತ್ತದೆ. ಹತ್ತು ವರ್ಷದ ಹಿಂದಿನ ಮೊಬೈಲು ಈಗ ನಿಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ? ಅದರಲ್ಲಿದ್ದ ಚಿತ್ರಗಳು? ಗ್ರೀನ್‌ಲಾ ತೆಗೆದ ನೆಗೆಟಿವ್‌ಗಳು ಕಾಗದವಾಗಿದ್ದರಿಂದ ಕಣ್ಮರೆಯಾದರೂ ಮತ್ತೆ ಸಿಕ್ಕವು. ವರ್ಷಕ್ಕೆ ಹತ್ತೇ ಚಿತ್ರಗಳನ್ನಾದರೂ ಒಳ್ಳೆಯ ಕಾಗದದ ಮೇಲೆ ಮುದ್ರಿಸಿ, ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದಿಡಿ.

ಈ ಕೂಟದಲ್ಲಿ ಮೂವತ್ತು ಜನ ಇದ್ದೀರಿ ಎಂದುಕೊಳ್ಳೋಣ. ಒಬ್ಬೊಬ್ಬರೂ ನಿಮ್ಮ ಮನೆಗೆ ಹತ್ತಿರದ ಒಂದು ಕಟ್ಟಡ, ಒಂದು ಹೊಲದ ಏರು ಆರಿಸಿಕೊಳ್ಳಿ. ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ ನಿಂತು, ಒಂದು ವರ್ಷ ಚಿತ್ರ ತೆಗೆಯಿರಿ. ಖರ್ಚು ಹೆಚ್ಚಿಲ್ಲ, ಕಮಲಾಪುರಕ್ಕೆ ಬಸ್ಸುಗಳಿವೆ. ವರ್ಷ ಮುಗಿದಾಗ ನಮ್ಮ ಬಳಿ ಏಳುನೂರಕ್ಕೂ ಹೆಚ್ಚು ಚಿತ್ರಗಳಿರುತ್ತವೆ. ಅವುಗಳಲ್ಲಿ ಕಲೆ ಎನ್ನಬಹುದಾದವು ಹತ್ತೋ ಇಪ್ಪತ್ತೋ ಸಿಕ್ಕಾವು. ಉಳಿದವು ಕಲಬುರಗಿ ಮತ್ತು ಕಮಲಾಪುರಗಳ ಒಂದು ವರ್ಷದ ಲೆಕ್ಕಪುಸ್ತಕ. ಮುಂದೆ ಎಂದೋ ಒಬ್ಬ ಆ ಚಿತ್ರಗಳನ್ನು ಕೈಯಲ್ಲಿ ಹಿಡಿದು, ನೀವು ನಿಂತ ಜಾಗ ಹುಡುಕುತ್ತ ಬರಬಹುದು. ಅವನಿಗೆ ಆ ಜಾಗ ಸಿಗುವಂತೆ ಗುರುತು ಬರೆದಿಡುವುದು ನಮ್ಮ ಕೆಲಸ.